ಬೀಡು ನೆಲೆವೀಡಾಗಬೇಕಾದರೆ

ಹಳೆಯ ಶಾಸನಗಳನ್ನು ಓದುವವರಿಗೆ ಬೀಡು, ನೆಲೆವೀಡು ಎಂಬ ಎರಡು ಮಾತುಗಳು ಚಿರಪರಿಚಿತವಾದವು. ಬೀಡು ಎಂದರೆ ದಂಡು ಇಳಿದ ಜಾಗ; ಇಂದು ಇಲ್ಲಿ, ನಾಳೆ ಇನ್ನೊಂದೆಡೆ. ನೆಲೆವೀಡು ಎಂದರೆ ಹಾಗೆ ಇಳಿದವರು ಬೇರುಬಿಟ್ಟು ನಿಂತ ಸ್ಥಳ, ಅರಸನ ಸ್ಥಿರವಾಸ. ಕಲ್ಯಾಣವು ಚಾಲುಕ್ಯರಿಗೆ ಅಂತಹ ನೆಲೆವೀಡಾಗಿತ್ತು. ನಮ್ಮ ರಾಯಚೂರು ಸೀಮೆಯ ಆಡುಮಾತಿನಲ್ಲಿ ಈಗ ಬೀಡು ಎಂಬ ಶಬ್ದ ಉಳಿದಿಲ್ಲ. ಅದರ ಪೀಠದ ಮೇಲೆ 'ಕ್ಯಾಂಪು' ಎಂಬ ಪರದೇಶದ ಶಬ್ದ ಬಂದು ಕುಳಿತಿದೆ. ರಾಯಚೂರಿನಿಂದ ಪಡುವಣಕ್ಕೆ ಹೊರಟರೆ ಕಲ್ಮಲ ಸಿಕ್ಕುತ್ತದೆ. ಅಲ್ಲಿ ದಾರಿ ಕವಲೊಡೆದು ಒಂದು ಲಿಂಗಸುಗೂರಿನ ಕಡೆಗೂ ಮತ್ತೊಂದು ಮಾನ್ವಿ, ಸಿಂಧನೂರುಗಳ ಕಡೆಗೂ ಸಾಗುತ್ತದೆ. ಈ ಎರಡನೆಯ ದಾರಿಯಲ್ಲಿ ಬಸ್ಸಿನ ಕಿಟಕಿಯ ಬಳಿ ಕುಳಿತು ನೋಡುತ್ತ ಹೋದವರಿಗೆ, ಸಿಂಧನೂರು ಹತ್ತಿರವಾದಂತೆಲ್ಲ, ಕ್ಯಾಂಪು ಎಂದು ಕೊನೆಯಾಗುವ ಊರ ಹೆಸರುಗಳು ಒಂದರ ಹಿಂದೊಂದು ಕಾಣಿಸುತ್ತವೆ. ಹುಟ್ಟಿ ಎರಡು ಮೂರು ತಲೆಮಾರು ಕಳೆದರೂ ಅವು ಇನ್ನೂ ಕ್ಯಾಂಪುಗಳೇ.

ಈ ಕ್ಯಾಂಪುಗಳು ಹೇಗೆ ಹುಟ್ಟಿದವು ಎಂಬುದನ್ನು ಮೊದಲು ತಿಳಿಯುವುದು ಒಳ್ಳೆಯದು. ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಅಡಿಗಲ್ಲು ಬಿತ್ತು. 1953ರ ಹೊತ್ತಿಗೆ ಕಾಲುವೆಗಳಲ್ಲಿ ನೀರು ಹರಿಯತೊಡಗಿತು. ಎಡದಂಡೆಯ ಕಾಲುವೆ ರಾಯಚೂರಿನ ಕಡೆಗೆ ಬಂದಿತು. ಜೋಳ, ಹತ್ತಿಗಳನ್ನು ಮಳೆಯ ಮೇಲೆ ಬೆಳೆಯುತ್ತಿದ್ದ ನಮ್ಮ ರೈತನಿಗೆ ನೀರಾವರಿ ಹೊಸದು. ಭೂಮಿಯನ್ನು ಸಮ ಮಾಡಿ ಮಡಿ ಕಟ್ಟಲು ಅವನಲ್ಲಿ ಹಣವೂ ಇರಲಿಲ್ಲ, ರೂಢಿಯೂ ಇರಲಿಲ್ಲ. ಆ ವೇಳೆಗೆ ಕೃಷ್ಣಾ, ಗೋದಾವರಿ ಮುಖಜಭೂಮಿಯ ಆಂಧ್ರ ರೈತರು ಅಲ್ಲಿ ಹೆಚ್ಚಿನ ಬೆಲೆಗೆ ಸ್ವಲ್ಪ ಭೂಮಿಯನ್ನು ಮಾರಿ, ಇಲ್ಲಿ ಕಡಿಮೆ ಬೆಲೆಗೆ ಹೆಚ್ಚು ಭೂಮಿಯನ್ನು ಕೊಂಡರು. ಅವರು ಒಬ್ಬೊಬ್ಬರಾಗಿ ಬರಲಿಲ್ಲ ಎಂಬುದೇ ಇಲ್ಲಿ ಗಮನಿಸತಕ್ಕ ಸಂಗತಿ. ನಂಟರು, ನೆರೆಯವರು, ಒಂದೇ ಊರಿನವರು ಕೂಡಿ ಬಂದು, ಅಕ್ಕಪಕ್ಕದ ಹೊಲಗಳನ್ನು ಕೊಂಡು, ಹೊಲದ ನಡುವೆಯೇ ಮನೆಗಳನ್ನು ಒತ್ತಾಗಿ ಕಟ್ಟಿಕೊಂಡರು. ಗುಡಿ ಕಟ್ಟಿದರು, ಶಾಲೆಗೆ ಜಾಗ ಬಿಟ್ಟರು. ಗುಂಪುಗೂಡಿ ನೆಲ ಕೊಂಡರೆ ಊರು ಹುಟ್ಟುತ್ತದೆ ಎಂಬುದಕ್ಕೆ ದೃಷ್ಟಾಂತವನ್ನು ನಾವು ದೂರ ಹುಡುಕಬೇಕಾಗಿಲ್ಲ. ಅದು ನಮ್ಮ ಕಣ್ಣೆದುರಿಗೇ ನಡೆದ ಇತಿಹಾಸ.

ಆದರೆ ಆ ಇತಿಹಾಸದಲ್ಲಿ ಇನ್ನೊಂದು ಪುಟವಿದೆ. ಗದ್ದೆಗೆ ನಾಟಿ ಹಾಕಲು, ಕಳೆ ತೆಗೆಯಲು, ಹತ್ತಿ ಬಿಡಿಸಲು ಕೂಲಿಯ ಜನ ಬೇಕಾಯಿತು. ಆ ಜನ ಎಲ್ಲಿ ಮಲಗಬೇಕು? ಕೊಂಡ ನೆಲದ ಲೆಕ್ಕದಲ್ಲಿ ಅವರಿಗೆ ಪಾಲಿರಲಿಲ್ಲ. ಕಾಲುವೆಯ ಏರಿಯ ಮೇಲೆ, ರಸ್ತೆಯ ಅಂಚಿನಲ್ಲಿ, ಊರ ಹೊರಗಿನ ಗೋಮಾಳದಲ್ಲಿ ಗುಡಿಸಲುಗಳು ಎದ್ದವು. ಹಳೆಯ ಊರುಗಳಲ್ಲಿಯೂ ಸ್ಥಿತಿ ಬೇರೆಯಾಗಿಲ್ಲ. ಗಾವಠಾಣದ ಗೆರೆ ಅಜ್ಜನ ಕಾಲದಲ್ಲಿ ಎಲ್ಲಿತ್ತೋ ಅಲ್ಲಿಯೇ ಇದೆ. ಅದರೊಳಗೆ ತುಂಬಿರುವ ಜನ ಮಾತ್ರ ಮೊಮ್ಮಕ್ಕಳು, ಮರಿಮಕ್ಕಳು. ಒಂದೇ ಪಡಸಾಲೆಯಲ್ಲಿ ಮೂರು ಒಲೆ ಉರಿಯುವ ಮನೆಗಳಿವೆ. ಅಂತಹ ಮನೆಯಿಂದ ಬಂದ ಹುಡುಗನಿಗೆ ಪಾಠ ಹೇಳುವವನು, 'ರಾತ್ರಿ ಏಕೆ ಓದಲಿಲ್ಲ?' ಎಂದು ಕೇಳುವ ಮುನ್ನ ಸ್ವಲ್ಪ ತಡೆದು ಆಲೋಚಿಸಬೇಕಾಗುತ್ತದೆ.

ಮನೆ ಕಟ್ಟಿಕೊಳ್ಳಲು ಸರಕಾರ ಹಣ ಕೊಡುತ್ತದೆಯಲ್ಲ ಎಂದು ತಾವು ಕೇಳಬಹುದು. ಕೊಡುತ್ತದೆ. 1985ರಲ್ಲಿ ಇಂದಿರಾ ಆವಾಸ ಯೋಜನೆ ಬಂದಿತು. 2016ರಲ್ಲಿ ಅದು ಪ್ರಧಾನಮಂತ್ರಿ ಆವಾಸ ಯೋಜನೆಯಾಗಿ, ಬಯಲು ನಾಡಿನ ಹಳ್ಳಿಗಳಲ್ಲಿ ಮನೆಯೊಂದಕ್ಕೆ 1 ಲಕ್ಷ 20 ಸಾವಿರ ರೂಪಾಯಿ ಸಹಾಯಧನವೆಂದು ಗೊತ್ತುಮಾಡಿತು. ರಾಜ್ಯದಲ್ಲಿ ಆಶ್ರಯ, ಅಂಬೇಡ್ಕರ್, ಬಸವ ವಸತಿ ಎಂಬ ಯೋಜನೆಗಳೂ ನಡೆದಿವೆ. ಆದರೆ ಇವೆಲ್ಲವೂ ಗೋಡೆಗೆ, ಚಾವಣಿಗೆ ಕೊಡುವ ಹಣ. ಗೋಡೆ ನಿಲ್ಲುವುದು ನೆಲದ ಮೇಲೆ. ನೆಲವಿಲ್ಲದವನ ಹೆಸರು ಪಟ್ಟಿಯಲ್ಲಿ ಬಂದರೂ ಅವನು ಕಟ್ಟುವುದಾದರೂ ಎಲ್ಲಿ? ಅಂತಹವರಿಗೆ ನೆಲ ಒದಗಿಸುವುದು ರಾಜ್ಯದ ಹೊಣೆಯೆಂದು ನಿಯಮವಿದೆ. ಸರಕಾರಿ ಜಮೀನು ಇರುವ ಕಡೆ ಅದು ನಡೆಯುತ್ತದೆ. ಇಲ್ಲದ ಕಡೆ ಖಾಸಗಿ ಜಮೀನನ್ನು ಕೊಳ್ಳಬೇಕು; ಸರಕಾರದ ದರಕ್ಕೂ ಪೇಟೆಯ ದರಕ್ಕೂ ಹೊಂದಿಕೆಯಾಗದೆ ಕಾಗದಗಳು ಮೇಜಿನಿಂದ ಮೇಜಿಗೆ ತಿರುಗುತ್ತವೆ.

ಪೇಟೆಯ ದರ ಏರುವುದಕ್ಕೆ ಕಾರಣರಾರು? ಈ ಮಾತು ಪಟ್ಟಣದಲ್ಲಿ ರೇಡಿಯೋ ಮುಂದೆ ಕುಳಿತ ನಮಗೆ ಅಷ್ಟು ಹಿತವಾಗಿರಲಾರದು. ನೌಕರಿಯವನು ಉಳಿತಾಯದಲ್ಲಿ, ವ್ಯಾಪಾರಿ ಲಾಭದಲ್ಲಿ, ನಿವೃತ್ತನಾದವನು ಕೈಗೆ ಬಂದ ಇಡುಗಂಟಿನಲ್ಲಿ, 'ರಸ್ತೆ ಬದಿಗೆ ಒಂದು ಸೈಟು ಇರಲಿ' ಎಂದು ಕೊಂಡಿಡುವುದು ವಾಡಿಕೆಯಾಗಿದೆ. ಕಲ್ಮಲದಂತೆ ಎರಡು ದೊಡ್ಡ ದಾರಿಗಳು ಕೂಡುವ, ಜಿಲ್ಲಾ ಪಟ್ಟಣಕ್ಕೆ ಸಮೀಪದ ಹೋಬಳಿ ಊರುಗಳ ಮೇಲೆ ಇಂತಹ ಹಣದ ಕಣ್ಣು ಮೊದಲು ಬೀಳುತ್ತದೆ. ಕಲ್ಲು ನೆಟ್ಟು, ಬಣ್ಣ ಬಳಿದು, ಹುಲ್ಲು ಬೆಳೆಯಲು ಬಿಟ್ಟ ಆ ಸೈಟುಗಳಲ್ಲಿ ಯಾರೂ ವಾಸಮಾಡುವುದಿಲ್ಲ. ಅದರ ಪಕ್ಕದ ಹೊಲದಲ್ಲಿ ದುಡಿಯುವವಳಿಗೆ ವಾಸಕ್ಕೆ ಸೈಟು ಸಿಕ್ಕುವುದಿಲ್ಲ. ನಾವು ಮಾಡುವುದು ಅಧರ್ಮವೆಂದು ನಾನು ಹೇಳುತ್ತಿಲ್ಲ. ನಮ್ಮ ಎಚ್ಚರಿಕೆಯ ಉಳಿತಾಯವು ಮತ್ತೊಬ್ಬರ ಕೈಗೆ ನೆಲ ಎಟುಕದಂತೆ ಮಾಡುತ್ತದೆ ಎಂಬುದನ್ನು ತಿಳಿದಿರಬೇಕೆಂದಷ್ಟೆ ನನ್ನ ಅಭಿಪ್ರಾಯ.

ಇನ್ನು ಸ್ವಲ್ಪ ಲೆಕ್ಕ ಮಾಡೋಣ. ಕನ್ನಡ ಪಂಡಿತನಿಗೆ ಲೆಕ್ಕವೇಕೆ ಎಂದು ಕೆಲವರು ನಗಬಹುದು. ಶಾಸನಗಳಲ್ಲಿ ಮನೆಯ ನಿವೇಶನವನ್ನು ಕೋಲಿನಲ್ಲಿ, ಕೈಯಲ್ಲಿ ಅಳೆದು ಬರೆಯಿಸಿದ ಸಾಲುಗಳನ್ನು ಓದಿದವನಿಗೆ ಇದು ಹೊರಗಿನ ವಿಷಯವಲ್ಲ. ಎಕರೆಗೆ 40 ಗುಂಟೆ, ಗುಂಟೆಗೆ 1,089 ಚದರ ಅಡಿ. 30 ಅಡಿ ಅಗಲ, 40 ಅಡಿ ಉದ್ದದ ನಿವೇಶನ 1,200 ಚದರ ಅಡಿ. ಅಂದರೆ ಗುಂಟೆಗಿಂತ ತುಸು ಹೆಚ್ಚು. ಎಕರೆಗೆ 36 ನಿವೇಶನ ಹಿಡಿಸಬಹುದಾದರೂ, ದಾರಿ, ಚರಂಡಿ, ನೀರಿನ ತೊಟ್ಟಿ, ಮಕ್ಕಳಾಡುವ ಬಯಲು ಇವಕ್ಕೆಲ್ಲ ಬಿಟ್ಟರೆ ಸುಮಾರು 22 ಉಳಿಯುತ್ತವೆ. ಎರಡು ಎಕರೆಯಲ್ಲಿ 44 ಕುಟುಂಬಗಳು. ಎಕರೆಗೆ 20 ಲಕ್ಷವೆಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ, ಮನೆಯೊಂದರ ಪಾಲಿಗೆ ಬರುವುದು 91 ಸಾವಿರ. ಇದು ಸಣ್ಣ ಮೊತ್ತವಲ್ಲ. ಆದರೆ ಅದೇ ಕುಟುಂಬ ಒಂಟಿಯಾಗಿ ಹೋಗಿ ದಲ್ಲಾಳಿಯ ಬಳಿ ನಿವೇಶನ ಕೇಳಿದರೆ ಈ ಬೆಲೆಗೆ ದೊರಕೀತೆ? ದಲ್ಲಾಳಿ ಎಕರೆಯ ಲೆಕ್ಕದಲ್ಲಿ ಕೊಂಡು ಅಡಿಯ ಲೆಕ್ಕದಲ್ಲಿ ಮಾರುತ್ತಾನೆ. ಕೈಯಲ್ಲಿ ಹಣವಿದ್ದವನು ಎಣ್ಣೆಯನ್ನು ಡಬ್ಬಿಯಲ್ಲಿ ಕೊಳ್ಳುತ್ತಾನೆ. ಇಲ್ಲದವನು ದಿನಕ್ಕೊಂದು ಮಿಳ್ಳೆ ಕೊಂಡು, ವರ್ಷದ ಕೊನೆಗೆ ಡಬ್ಬಿಯ ಬೆಲೆಗಿಂತ ಹೆಚ್ಚು ತೆತ್ತಿರುತ್ತಾನೆ. ನೆಲದ ವಿಷಯದಲ್ಲಿಯೂ ಹಾಗೆಯೇ. 44 ಮನೆಯವರು ಕೂಡಿದರೆ ಅವರೂ ಎಕರೆಯ ಲೆಕ್ಕದಲ್ಲಿ ಕೊಳ್ಳಬಲ್ಲರು.

ಇದು ಬರಿಯ ಕನಸೆನ್ನುವವರು ನಮ್ಮ ಊರಿನ ರೈಲನ್ನೇ ಹತ್ತಿ ಸೊಲ್ಲಾಪುರಕ್ಕೆ ಹೋಗಿ ನೋಡಬಹುದು. 1871ರಲ್ಲಿ ಮುಂಬಯಿಯ ಹಳಿ ರಾಯಚೂರು ಮುಟ್ಟಿದಂದಿನಿಂದ ಸೊಲ್ಲಾಪುರ ನಮಗೆ ಪಕ್ಕದ ಮನೆ. ಕನ್ನಡ, ಮರಾಠಿ, ತೆಲುಗು ಮೂರೂ ಬೆರೆತ ಊರು. ಅಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳು ಬಹಳ. ಇಕ್ಕಟ್ಟಾದ ಓಣಿಗಳಲ್ಲಿ ಬಾಡಿಗೆಗೆ ಇದ್ದು, ಮನೆಯಲ್ಲಿಯೇ ಎಲೆ ಕತ್ತರಿಸಿ, ಬೀಡಿ ಕಟ್ಟಿ ಬದುಕುವವರು. ಅವರು ಗೋದಾವರಿ ಪರುಳೇಕರರ ಹೆಸರಿನಲ್ಲಿ ಒಂದು ಮಹಿಳಾ ಸಹಕಾರಿ ಗೃಹನಿರ್ಮಾಣ ಸಂಸ್ಥೆಯನ್ನು ಕಟ್ಟಿದರು. ಕಾರ್ಮಿಕ ಮುಖಂಡ, ಮಾಜಿ ಶಾಸಕ ನರಸಯ್ಯ ಆಡಂ ಅವರು ಮುಂದಾಳಾಗಿ ನಿಂತರು. ಸದಸ್ಯೆಯರು ತಮ್ಮ ಪಾಲಿನ ಹಣ ಕೂಡಿಸಿದರು. ನಗರದ ಹೊರಗೆ ದಕ್ಷಿಣ ಸೊಲ್ಲಾಪುರ ತಾಲೂಕಿನ ಕುಂಭಾರಿ ಎಂಬ ಹಳ್ಳಿಯಲ್ಲಿ ಸಂಸ್ಥೆಯ ಹೆಸರಿನಲ್ಲಿ ನೆಲ ಕೊಂಡರು. ಮನೆ ಕಟ್ಟುವ ವೆಚ್ಚವನ್ನು ಕೇಂದ್ರ, ರಾಜ್ಯ ಮತ್ತು ಕಾರ್ಮಿಕ ಮಹಿಳೆ ಮೂವರೂ ಹಂಚಿಕೊಂಡರು. ಎಷ್ಟು ಮನೆಗಳು ಎಂದುಕೊಂಡಿರಿ? ಹತ್ತಲ್ಲ, ನೂರಲ್ಲ, 10 ಸಾವಿರ. 2006ರಲ್ಲಿ ಪ್ರಧಾನಮಂತ್ರಿ ಮನಮೋಹನ ಸಿಂಗರು ಬಂದು ಅವನ್ನು ಒಪ್ಪಿಸಿದರು. ಆಮೇಲೆ ಅದೇ ಕುಂಭಾರಿಯಲ್ಲಿ ರೇ ನಗರವೆಂಬ 30 ಸಾವಿರ ಮನೆಗಳ ಇನ್ನೊಂದು ಯೋಜನೆ ಎದ್ದಿತು. ಅದರ ಮೊದಲ 15 ಸಾವಿರ ಮನೆಗಳನ್ನು 2024ರ ಜನವರಿ 19ರಂದು ಪ್ರಧಾನಮಂತ್ರಿ ನರೇಂದ್ರ ಮೋದಿಯವರು ಹಸ್ತಾಂತರಿಸಿದರು. ಪಕ್ಷ ಬೇರೆ, ಕಾಲ ಬೇರೆ, ಸರಕಾರ ಬೇರೆ. ಬದಲಾಗದೆ ಉಳಿದುದು, ಮೊದಲು ಸಂಘ, ಆಮೇಲೆ ನೆಲ, ಆಮೇಲೆ ಸರಕಾರದ ಹಣ ಎಂಬ ಕ್ರಮ. ನಮ್ಮಲ್ಲಿ ಈ ಕ್ರಮ ತಲೆಕೆಳಗಾಗಿರುವುದರಿಂದಲೇ ಹಣ ಬಂದರೂ ಮನೆ ಏಳುವುದಿಲ್ಲವೆಂದು ನನಗೆ ತೋರುತ್ತದೆ.

ತಲೆಕೆಳಗಾದುದಕ್ಕೆ ಒಂದು ಉದಾಹರಣೆ ನಮ್ಮ ಜಿಲ್ಲೆಯಲ್ಲಿಯೇ ಇದೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಕೃಷ್ಣೆ, ತುಂಗಭದ್ರೆಗಳು ಉಕ್ಕಿ ನದೀತೀರದ ಊರುಗಳು ಮುಳುಗಿದವು. 'ಆಸರೆ' ಎಂಬ ಯೋಜನೆಯಲ್ಲಿ ಸರಕಾರ ಎತ್ತರದಲ್ಲಿ ನೆಲ ಕೊಂಡಿತು. ದಾನಿಗಳು, ಮಠಗಳು, ಕಂಪನಿಗಳು ಮನೆ ಕಟ್ಟಿಕೊಟ್ಟವು. ಆ ಔದಾರ್ಯವನ್ನು ಮರೆಯುವಂತಿಲ್ಲ. ಆದರೂ ಹಲವು ಕಡೆ ಜನ ಹೊಸ ಮನೆಗೆ ಹೋಗಲಿಲ್ಲ. ಹೊಲ ದೂರ, ದನ ಕಟ್ಟಲು ಜಾಗವಿಲ್ಲ, ನೀರಿಲ್ಲ ಎಂದರು. ಬೀಗ ಜಡಿದ ಮನೆಗಳ ಸಾಲುಗಳನ್ನು ನೋಡಿ ಪಟ್ಟಣದವರು 'ಈ ಜನಕ್ಕೆ ಕೊಟ್ಟರೂ ಬೇಡ' ಎಂದು ಮೂಗು ಮುರಿದರು. ನೆಲವನ್ನು ಆರಿಸುವಾಗ ಅಲ್ಲಿ ವಾಸಮಾಡಬೇಕಾದವರನ್ನು ಕರೆದುಕೊಂಡು ಹೋಗಿ, 'ಇಲ್ಲಿ ದನ ಎಲ್ಲಿ ಕಟ್ಟುತ್ತೀಯೆ?' ಎಂದು ಕೇಳಿದ್ದರೆ ಆ ಬೀಗಗಳ ಖರ್ಚು ಉಳಿಯುತ್ತಿತ್ತು.

ಇಲ್ಲಿ ಇನ್ನೊಂದು ಪ್ರಶ್ನೆ ಎದ್ದೇ ಏಳುತ್ತದೆ. ಕೂಡಿ ಕೊಂಡ ನೆಲವನ್ನು ಹಂಚಿಕೊಂಡ ಮೇಲೆ, ಮಗಳ ಮದುವೆಗೆಂದೋ ಆಸ್ಪತ್ರೆಗೆಂದೋ ಒಬ್ಬನು ತನ್ನ ನಿವೇಶನವನ್ನು ಮಾರಿದರೆ? ಕೊಳ್ಳುವವನು ಮತ್ತೆ ಅದೇ ಪಟ್ಟಣದವನು. ಹತ್ತು ವರ್ಷದಲ್ಲಿ ಕಲ್ಲು ನೆಟ್ಟ ಸೈಟುಗಳು ಅಲ್ಲಿಯೂ ಕಾಣುತ್ತವೆ. ಇದಕ್ಕೊಂದು ಉಪಾಯ ಹುಟ್ಟಿದುದು, ಆಶ್ಚರ್ಯವೆಂದರೆ, ನಾವಿದ್ದ ಹಳೆಯ ಹೈದರಾಬಾದು ಸಂಸ್ಥಾನದಲ್ಲಿಯೇ. 1951ರ ಏಪ್ರಿಲ್ 18ರಂದು ನಲ್ಗೊಂಡ ಜಿಲ್ಲೆಯ ಪೋಚಂಪಳ್ಳಿಯಲ್ಲಿ 40 ಹರಿಜನ ಕುಟುಂಬಗಳು ವಿನೋಬಾ ಭಾವೆಯವರ ಮುಂದೆ 80 ಎಕರೆ ಕೇಳಿದವು. ರಾಮಚಂದ್ರ ರೆಡ್ಡಿಯವರು 100 ಎಕರೆ ಕೊಡುತ್ತೇನೆಂದು ಎದ್ದು ನಿಂತರು. ರಾಯಚೂರೂ ನಲ್ಗೊಂಡವೂ ಆಗ ಒಂದೇ ಸಂಸ್ಥಾನದ ಜಿಲ್ಲೆಗಳು. ಭೂದಾನವು ಮುಂದೆ ಗ್ರಾಮದಾನವಾಯಿತು. ನೆಲದ ಒಡೆತನ ಊರಿನದು, ಉಳುವ ಹಕ್ಕು ಮನೆಯವರದು ಎಂಬುದು ಅದರ ತಿರುಳು. 1957ರ ಸೆಪ್ಟೆಂಬರಿನಲ್ಲಿ ಮೈಸೂರಿನ ಬಳಿಯ ಯಲವಾಲದಲ್ಲಿ ನೆಹರೂ ಮೊದಲಾದ ಎಲ್ಲ ಪಕ್ಷಗಳ ಹಿರಿಯರು ಕುಳಿತು ಗ್ರಾಮದಾನವನ್ನು ಮೆಚ್ಚಿ ಮಾತಾಡಿದರು. ಆದರೆ ದಾನವಾಗಿ ಬಂದ ನೆಲದಲ್ಲಿ ಕಲ್ಲುಭೂಮಿ ಬಹಳ, ವ್ಯಾಜ್ಯದ ಭೂಮಿ ಬಹಳ. ಕೊಟ್ಟೆನೆಂದ ಮಾತು ಕಾಗದಕ್ಕೆ ಇಳಿಯದೆ ಹೋದುದೂ ಉಂಟು. ಕೊಡುವವನ ಕೃಪೆಯ ಮೇಲೆ ಊರು ನಿಲ್ಲುವುದು ಕಷ್ಟ.

ನಾವು ಅರ್ಧಕ್ಕೆ ಬಿಟ್ಟ ಆ ಎಳೆಯನ್ನು ಕಡಲಾಚೆಯವರು ಹಿಡಿದರು. ಅಮೆರಿಕದ ಜಾರ್ಜಿಯಾ ಪ್ರಾಂತದಲ್ಲಿ, ಮತದಾನದ ಹಕ್ಕು ಕೇಳಿದ ಕರಿಯ ಗೇಣಿದಾರರನ್ನು ಭೂಮಾಲಿಕರು ಮನೆ ಬಿಡಿಸಿ ಓಡಿಸುತ್ತಿದ್ದ ಕಾಲ. ಸ್ಲೇಟರ್ ಕಿಂಗ್, ಚಾರ್ಲ್ಸ್ ಶೆರಾಡ್, ರಾಬರ್ಟ್ ಸ್ವಾನ್ ಮೊದಲಾದವರು 1969ರಲ್ಲಿ ನ್ಯೂ ಕಮ್ಯುನಿಟೀಸ್ ಎಂಬ ಸಂಸ್ಥೆಯನ್ನು ಕಟ್ಟಿ 5 ಸಾವಿರ ಎಕರೆಗೂ ಮೇಲ್ಪಟ್ಟು ಭೂಮಿ ಕೊಂಡರು. ಸ್ವಾನ್ ಅವರಿಗೆ ನಮ್ಮ ಗ್ರಾಮದಾನದ ವಿಚಾರ ತಿಳಿದಿತ್ತು. ಅಲ್ಲಿ ದಾನದ ಬದಲು ಕ್ರಯ ಬಂದಿತು. ನೆಲ ಎಂದೆಂದಿಗೂ ಸಂಸ್ಥೆಯದು, ಮಾರುವಂತಿಲ್ಲ. ಮನೆ ಮಾತ್ರ ವಾಸಿಸುವವನದು. ಬರಗಾಲ, ಸಾಲ, ಸರಕಾರಿ ಸಾಲದ ಕಚೇರಿಯ ಪಕ್ಷಪಾತ ಇವುಗಳಿಂದ 1985ರಲ್ಲಿ ಆ ಭೂಮಿ ಕೈಬಿಟ್ಟಿತಾದರೂ, ಆ ಮಾದರಿ ಹಲವು ದೇಶಗಳಲ್ಲಿ ಚಿಗುರಿತು. ಸ್ಕಾಟ್ಲೆಂಡಿನ ಐಗ್ ಎಂಬ ಸಣ್ಣ ದ್ವೀಪದ ಜನ, ಒಡೆಯರು ಬದಲಾದಂತೆಲ್ಲ ತಮ್ಮ ಮನೆಗಳ ಗತಿ ಏನೋ ಎಂದು ಬೇಸತ್ತು, ಲೋಕದವರಿಂದ ಚಂದಾ ಎತ್ತಿ 1997ರಲ್ಲಿ ದ್ವೀಪವನ್ನೇ ಕೊಂಡುಬಿಟ್ಟರು. ಆಗ ಅಲ್ಲಿ 60-70 ಜನ. ಮುಂದೆ ಅದು ನೂರನ್ನು ದಾಟಿತು. ಇವು ನಮಗೆ ಅಚ್ಚುಗಳಲ್ಲ. ನೆಲ ಊರಿನದು, ಮನೆ ಮನೆಯವರದು ಎಂಬ ಒಂದು ನಿಯಮವನ್ನಷ್ಟೆ ಅಲ್ಲಿಂದ ತೆಗೆದುಕೊಳ್ಳಬಹುದು. ನಮ್ಮ ಹಿರಿಯರಿಗೆ ಇದು ಹೊಸದೂ ಅಲ್ಲ. ಕೆರೆ, ಗೋಮಾಳ, ಕಣ, ಗುಡಿಯ ಮಾನ್ಯ ಇವನ್ನು ಯಾವ ಗೌಡನೂ ಮಾರಿ ತಿನ್ನುವಂತಿರಲಿಲ್ಲ.

ಕಾನೂನು ಏನೆನ್ನುತ್ತದೆ? ಬಹುಕಾಲ ಅಡ್ಡಗಟ್ಟಿತ್ತು. ಕರ್ನಾಟಕದ 1961ರ ಭೂಸುಧಾರಣಾ ಶಾಸನದ 79 ಬಿ ಪ್ರಕರಣದ ಪ್ರಕಾರ ಟ್ರಸ್ಟು, ಸಂಘ, ಸಹಕಾರ ಸಂಸ್ಥೆಗಳು ವ್ಯವಸಾಯದ ಭೂಮಿಯನ್ನು ಹೊಂದುವಂತಿರಲಿಲ್ಲ. 2020ರ ತಿದ್ದುಪಡಿ ಆ ಬೇಲಿಯನ್ನು ತೆಗೆಯಿತು. ಬೇಲಿ ತೆಗೆದಾಗ ಆಡೂ ನುಗ್ಗುತ್ತದೆ, ತೋಳವೂ ನುಗ್ಗುತ್ತದೆ. ರೈತನಲ್ಲದ ಹಣವಂತನೂ ಅದೇ ದಾರಿಯಿಂದ ಒಳಗೆ ಬಂದನು. ಆದುದರಿಂದ ಕೂಲಿಯವರ ಸಂಘಗಳು ತಡಮಾಡಿದಷ್ಟೂ ಬೆಲೆ ಏರುತ್ತದೆ. ಕೊಳ್ಳುವ ಮುನ್ನ ಆ ಜಮೀನು ಪರಿಶಿಷ್ಟ ಜಾತಿ, ಪಂಗಡದವರಿಗೆ ಸರಕಾರ ಮಂಜೂರು ಮಾಡಿದುದೇ ಎಂದು ನೋಡಬೇಕು. ಹಾಗಿದ್ದರೆ 1978ರ ಶಾಸನದಂತೆ ಸರಕಾರದ ಅನುಮತಿಯಿಲ್ಲದ ಕ್ರಯ ನಿಲ್ಲುವುದಿಲ್ಲ. ಕೊಂಡ ಮೇಲೆ ಜಿಲ್ಲಾಧಿಕಾರಿಗಳಿಂದ ಭೂಪರಿವರ್ತನೆ ಆಗಬೇಕು, ವಿನ್ಯಾಸಕ್ಕೆ ಮಂಜೂರಾತಿ ಸಿಕ್ಕಬೇಕು, ಪಂಚಾಯಿತಿಯ ಪುಸ್ತಕದಲ್ಲಿ ಖಾತೆ ಏರಬೇಕು. ಬೇಸರದ ಕೆಲಸ. ಇದನ್ನು ಬಿಟ್ಟವರ ಪಾಡು ಏನಾಗುತ್ತದೆಂಬುದನ್ನು ಕ್ಯಾಂಪು, ತಾಂಡಾ, ಹಟ್ಟಿಗಳವರು ಬಲ್ಲರು. ಹತ್ತಾರು ವರ್ಷ ಮನೆಯಲ್ಲಿ ವಾಸವಾಗಿದ್ದರೂ ಆ ಮನೆ ಕಂದಾಯದ ದಾಖಲೆಯಲ್ಲಿ ಹೊಲವೇ ಆಗಿರುತ್ತಿತ್ತು. ಸಾಲಕ್ಕೆ ಆಧಾರವಿಲ್ಲ, ಯೋಜನೆಯ ಹಣವಿಲ್ಲ. ಕೊನೆಗೆ ಕಲಬುರಗಿ, ಯಾದಗಿರಿ, ರಾಯಚೂರು, ಬೀದರ, ವಿಜಯಪುರ ಈ ಐದು ಜಿಲ್ಲೆಗಳ 1,475 ದಾಖಲೆಯಿಲ್ಲದ ಜನವಸತಿಗಳನ್ನು ಕಂದಾಯ ಗ್ರಾಮಗಳೆಂದು ಸಾರಿ, 2023ರ ಜನವರಿ 19ರಂದು 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಡಲಾಯಿತು. ಅದು ನಡೆದ ಸ್ಥಳ ಮಳಖೇಡ. ನೃಪತುಂಗನು ಆಳಿದ ಮಾನ್ಯಖೇಟ. ಬೀಡಿನಲ್ಲಿದ್ದವರಿಗೆ ನೆಲೆವೀಡಿನ ಪತ್ರ ಒಂದು ಹಳೆಯ ರಾಜಧಾನಿಯಲ್ಲಿ ದೊರಕಿತೆಂಬುದನ್ನು ಓದಿದಾಗ ನನ್ನಂತಹವನಿಗೆ ಒಂದು ಬಗೆಯ ಸಂತೋಷವಾಯಿತೆಂದು ಹೇಳಿಕೊಳ್ಳಲು ನಾಚಿಕೆಯಿಲ್ಲ.

ಕಲ್ಮಲದಂತಹ ಊರಿನಲ್ಲಿ ಇದನ್ನು ಯಾರು ಆರಂಭಿಸಬೇಕು? ಹಣದ ಲೆಕ್ಕ ಇಡುವ ಅಭ್ಯಾಸ ಈಗಾಗಲೇ ಇರುವುದು ಹೆಣ್ಣುಮಕ್ಕಳ ಸ್ವಸಹಾಯ ಸಂಘಗಳಲ್ಲಿ. ವಾರವಾರ ಕುಳಿತು, ಪುಸ್ತಕ ತೆರೆದು, ಬಾಕಿದಾರಳ ಮುಖ ನೋಡಿ ಹಣ ಕೇಳುವ ಧೈರ್ಯ ಅವರಿಗಿದೆ; ಗಂಡಸರ ಸಂಘಗಳಲ್ಲಿ ಅದು ಅಪರೂಪ. ಅಂತಹ ಕೆಲವು ಸಂಘಗಳು ಸೇರಿ ಗೃಹನಿರ್ಮಾಣ ಸಹಕಾರ ಸಂಘವಾಗಿ ನೋಂದಣಿ ಮಾಡಿಸಿ, ಗ್ರಾಮಸಭೆಯಲ್ಲಿ ಮನೆಯಿಲ್ಲದವರ ಪಟ್ಟಿಯನ್ನು ಬಹಿರಂಗವಾಗಿ ಓದಿಸಿ, ಊರಿಗೆ ಹತ್ತಿರ, ನೀರಿಗೆ ಹತ್ತಿರ, ಕಾಲುವೆಯ ಜವುಗಿಗೆ ದೂರವಾದ ಎರಡು ಎಕರೆಯನ್ನು ತಾವೇ ನಡೆದು ನೋಡಿ ಆರಿಸಬೇಕು. ಪಟ್ಟಣದಲ್ಲಿರುವ ನಾವು ಸೈಟಿಗೆಂದು ಎತ್ತಿಟ್ಟ ಹಣದಲ್ಲಿ ಸ್ವಲ್ಪವನ್ನು ಅಂತಹ ಸಂಘಕ್ಕೆ ಬಡ್ಡಿಯಿಲ್ಲದೆಯೋ ಕಡಿಮೆ ಬಡ್ಡಿಗೋ ಐದು ವರ್ಷದ ಮಟ್ಟಿಗೆ ಕೊಡಬಹುದು. ದಾನವೆಂದು ಅಲ್ಲ, ಲೆಕ್ಕದಲ್ಲಿ ಬರೆಸಿ, ಹಿಂದಕ್ಕೆ ಪಡೆಯುವ ಕೈಗಡ.

ನಿಯಮಾವಳಿ ಬರೆಯುವಾಗ ಮನೆ ಯಾರ ಹೆಸರಿನಲ್ಲಿ ಎಂಬ ಪ್ರಶ್ನೆ ಬರುತ್ತದೆ. ಕುಂಭಾರಿಯಲ್ಲಿ ಸಂಘವೇ ಹೆಣ್ಣುಮಕ್ಕಳದಾಗಿತ್ತು. ಇಲ್ಲಿಯೂ ಹಾಗಾದರೆ, ಮದುವೆಯಾಗಿ ಹೋದ ಮಗಳು ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದಾಗ ಅವಳಿಗೆ ಆ ಮನೆಯಲ್ಲಿ ಹಕ್ಕಿದೆಯೆ, ಸೊಸೆಗಿದೆಯೆ, ಮನೆ ಬಿಟ್ಟುಹೋಗುವವರಿಗೆ ಕಟ್ಟಡದ ಬೆಲೆಯನ್ನು ಸಂಘ ಯಾವ ದರದಲ್ಲಿ ಕೊಡುತ್ತದೆ, ಅದು ಕಾದಿರುವ ಪಟ್ಟಿಯಲ್ಲಿ ಮುಂದಿನವರಿಗೆ ಯಾವ ದರದಲ್ಲಿ ಹೋಗುತ್ತದೆ ಎಂಬುದನ್ನೆಲ್ಲ ನೆಲ ಕೊಳ್ಳುವ ಮೊದಲೇ, ಊರ ಕಟ್ಟೆಯ ಮೇಲೆ ಕುಳಿತು, ಎಲ್ಲರಿಗೂ ಕೇಳುವಂತೆ ಓದಿ, ಹೆಬ್ಬೆಟ್ಟು ಹಾಕುವವರಿಗೂ ಅರ್ಥವಾಗುವ ಕನ್ನಡದಲ್ಲಿ ಬರೆದಿಡಬೇಕು. ಆ ಕನ್ನಡವನ್ನು ತಿದ್ದಿಕೊಡಲು ಪ್ರತಿ ಊರಿನ ಶಾಲೆಯಲ್ಲಿಯೂ ಒಬ್ಬ ಉಪಾಧ್ಯಾಯನು ಸಿಕ್ಕಾನು.